ಹಳೆ ಗೇಮಿಂಗ್ ಲ್ಯಾಪ್‌ಟಾಪ್‌ಗೆ 4930ಎಂಎಕ್ಸ್ ಹಾಕಿದೆ, ಓವರ್‌ಕ್ಲಾಕ್ ಆಗುತ್ತಿಲ್ಲ. ಬಯೋಸ್ ಮಾಡ್ ಮಾಡಲಾ?

ಮೂರನೇತಿರುಪು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹ್ಯಾಸ್‌ವೆಲ್ (ಇಂಟೆಲ್‌ನ ನಾಲ್ಕನೇ ತಲೆಮಾರು) ಕಾಲದ 17 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಬಂದಾಗ ಐ7-4700ಎಂಕ್ಯೂ ಪ್ರೊಸೆಸರ್ ಇತ್ತು. ಹೋದ ವಾರ ಅದನ್ನು ತೆಗೆದು ಸೆಕೆಂಡ್ ಹ್ಯಾಂಡ್ ಐ7-4930ಎಂಎಕ್ಸ್ ಹಾಕಿದೆ. ಸಾಕೆಟ್ ತಿರುಪು ತಿರುಗಿಸಿ, ಹಳೆ ಚಿಪ್ ಎತ್ತಿ, ಹೊಸದನ್ನು ಕೂರಿಸಿ, ಪೇಸ್ಟ್ ಹಚ್ಚಿ ಮುಚ್ಚಿದೆ. ಮೊದಲ ಸಲಕ್ಕೇ ಬೂಟ್ ಆಯಿತು. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಚಿಪ್ ಹೆಸರೂ ಸರಿಯಾಗಿಯೇ ಬಂತು.

ಆದರೆ ಎರಡು ತೊಂದರೆ ಇದೆ. ಈ ಚಿಪ್ ಮಲ್ಟಿಪ್ಲೈಯರ್ ಅನ್‌ಲಾಕ್ ಆಗಿರುವಂಥದ್ದು, ಅಂದರೆ ಓವರ್‌ಕ್ಲಾಕ್ ಮಾಡಿ ವೇಗ ಏರಿಸಬಹುದಾದದ್ದು. ಆದರೂ ಇಂಟೆಲ್‌ನ ಓವರ್‌ಕ್ಲಾಕ್ ತಂತ್ರಾಂಶ ಎಕ್ಸ್‌ಟಿಯುನಲ್ಲಿ ಸ್ಲೈಡರ್ ಅಲ್ಲಾಡುವುದೇ ಇಲ್ಲ, ಬೂದು ಬಣ್ಣಕ್ಕೆ ತಿರುಗಿದೆ. ಬಯೋಸ್‌ನಲ್ಲಿ ಓವರ್‌ಕ್ಲಾಕ್ ಮೆನುವೇ ಇಲ್ಲ. ಇನ್ನೊಂದು, ಸ್ಟಾಕ್ ವೇಗದಲ್ಲೂ ನಾಲ್ಕೂ ಕೋರ್ ಓಡಿಸಿದರೆ ಸ್ವಲ್ಪ ಹೊತ್ತು 3.7 ಗಿಗಾಹರ್ಟ್ಸ್ ಇರುತ್ತದೆ, ಆಮೇಲೆ 3.3ಕ್ಕೆ ಇಳಿದುಬಿಡುತ್ತದೆ. ಆಗ ಬಿಸಿ 80 ಡಿಗ್ರಿ ಆಸುಪಾಸು, ಅಷ್ಟೇ.

ಬಯೋಸ್ ಮಾಡ್ ಮಾಡಿದರೆ, ಅಂದರೆ ಅದನ್ನು ತಿದ್ದಿ ಬರೆದರೆ, ಎರಡೂ ಸರಿಹೋಗುತ್ತದೆ ಅಂತ ಓದಿದೆ. ನಾನು ಈವರೆಗೆ ಬಯೋಸ್ ಮುಟ್ಟಿದವನಲ್ಲ. ಧೈರ್ಯ ಮಾಡಲಾ? ಲ್ಯಾಪ್‌ಟಾಪ್ ಒಂದೇ ಇರುವುದು.

ಬಿಸಿಗಾಳಿ
ಮೊದಲು ಚಿಪ್ ಹಾಕಿದ್ದಕ್ಕೆ ಅಭಿನಂದನೆ. ಧೂಳು ಹೊಡೆಯೋಕೂ ಲ್ಯಾಪ್‌ಟಾಪ್ ಬಿಚ್ಚದವರೇ ಜಾಸ್ತಿ.

ಥ್ರಾಟಲ್‌ಸ್ಟಾಪ್ ಅನ್ನೋ ತಂತ್ರಾಂಶದಲ್ಲಿ ಲಿಮಿಟ್ಸ್ ಅನ್ನೋ ಬಟನ್ ಒತ್ತಿ. ವೇಗ ಬಿದ್ದಾಗ ಯಾವ ಬಾಕ್ಸ್ ಕೆಂಪಾಗುತ್ತದೆ ಅಂತ ನೋಡಿ ಹೇಳಿ. ಥರ್ಮಲ್ಲಾ (ಬಿಸಿ), ಪಿಎಲ್1ಆ (ದೀರ್ಘ ಹೊತ್ತಿನ ಪವರ್ ಮಿತಿ), ಇಡಿಪಿನಾ (ಕರೆಂಟ್ ಮಿತಿ)?

ಮೂರನೇತಿರುಪು
ಪಿಎಲ್1 ಕೆಂಪಾಗುತ್ತದೆ. ಪ್ಯಾಕೇಜ್ ಪವರ್ ಸರಿಯಾಗಿ 47 ವ್ಯಾಟ್‌ಗೆ ಬಂದು ನಿಂತುಬಿಡುತ್ತದೆ. ಅದನ್ನು ಏರಿಸೋಣ ಅಂದರೆ ಬೀಗದ ಚಿತ್ರ ತೋರಿಸುತ್ತದೆ.

ಬಿಸಿಗಾಳಿ
ಹಾಗಾದರೆ ಗುಟ್ಟು ಸಿಕ್ಕಿತು. 4700ಎಂಕ್ಯೂ 47 ವ್ಯಾಟ್ ಚಿಪ್. 4930ಎಂಎಕ್ಸ್ 57 ವ್ಯಾಟ್‌ದು. ನಿಮ್ಮ ಬಯೋಸ್ ಹಳೆ ಚಿಪ್‌ನ ಮಿತಿಯನ್ನೇ ಇದಕ್ಕೂ ಬರೆದು ಬೀಗ ಹಾಕುತ್ತಿದೆ. ಪಿಎಲ್2, ಅಂದರೆ ಸ್ವಲ್ಪ ಹೊತ್ತಿನ ಪವರ್ ಮಿತಿ, ಜಾಸ್ತಿ ಇರುವುದರಿಂದ ಸ್ವಲ್ಪ ಹೊತ್ತು 3.7 ಬರುತ್ತದೆ, ಸಮಯದ ಕಿಟಕಿ ಮುಗಿದ ಮೇಲೆ ಪಿಎಲ್1 ಹಿಡಿದು ಎಳೆಯುತ್ತದೆ. ಚಿಪ್‌ನದೂ ತಪ್ಪಲ್ಲ, ಪೇಸ್ಟ್‌ನದೂ ತಪ್ಪಲ್ಲ.

ಎಂಟುಕಾಲು
ಓವರ್‌ಕ್ಲಾಕ್ ಲಾಕ್ ಕೂಡ ಅದೇ ಥರದ್ದು. ಬೂಟ್ ಆಗುವಾಗ ಬಯೋಸ್ ಒಂದು ಎಂಎಸ್‌ಆರ್ (ಸಿಪಿಯು ಒಳಗಿನ ನಿಯಂತ್ರಣ ರಿಜಿಸ್ಟರ್) ಬಿಟ್ ಬರೆಯುತ್ತದೆ. ರಿಜಿಸ್ಟರ್ 194 (ಹೆಕ್ಸ್‌ನಲ್ಲಿ), ಬಿಟ್ 20. ಒಮ್ಮೆ ಅದು 1 ಆದರೆ ಮುಂದಿನ ರೀಸೆಟ್ ತನಕ ವಿಂಡೋಸ್‌ನಿಂದ ಏನೇ ಮಾಡಿದರೂ ಬದಲಾಗುವುದಿಲ್ಲ. ಅದಕ್ಕೇ ಸ್ಲೈಡರ್ ಬೂದು ಬಣ್ಣ. ಬಯೋಸ್ ಆ ಬಿಟ್ ಬರೆಯದಂತೆ ಮಾಡಬೇಕು. ಬೇರೆ ದಾರಿ ಇಲ್ಲ.

ಫ್ರೇಮ್‌ಎಣಿಸುವವ
ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಕಷ್ಟ ಯಾಕೆ? ಗೇಮ್ ಆಡುವಾಗ ಜಿಪಿಯು 99 ಪರ್ಸೆಂಟ್ ಓಡುತ್ತಿದ್ದರೆ ಸಿಪಿಯು ಎಷ್ಟು ಏರಿಸಿದರೂ ಒಂದು ಫ್ರೇಮ್ ಜಾಸ್ತಿ ಬರಲ್ಲ.

ಮೂರನೇತಿರುಪು
ನೋಡಿದ್ದೇನೆ ಸರ್. ನಾನು ಆಡುವುದು ಊರು ಕಟ್ಟುವ, ದಂಡು ನಡೆಸುವ ಥರದ ಗೇಮ್‌ಗಳು. ಊರು ದೊಡ್ಡದಾದ ಮೇಲೆ ಜಿಪಿಯು 55–60 ಪರ್ಸೆಂಟ್‌ಗೆ ಇಳಿಯುತ್ತದೆ. ಒಂದು ಕೋರ್ ಮಾತ್ರ ಪೂರ್ತಿ ತುಂಬಿರುತ್ತದೆ.

ಫ್ರೇಮ್‌ಎಣಿಸುವವ
ಹಾಗಿದ್ದರೆ ಸರಿ. ಅಂಥ ಗೇಮ್‌ಗೆ ಗಿಗಾಹರ್ಟ್ಸ್ ಬೇಕೇ ಬೇಕು. ನನ್ನ ಮಾತು ವಾಪಸ್.

ನೀಲಿಪರದೆ
ದಯವಿಟ್ಟು ನನ್ನ ಕಥೆ ಓದಿ ಮುಂದೆ ಹೋಗಿ.

ಎರಡು ವರ್ಷದ ಹಿಂದೆ ನಾನೂ ಇದೇ ಮಾಡಿದೆ. ಐ7-3940ಎಕ್ಸ್ಎಂ ಹಾಕಿದ್ದೆ. ಯಾರೋ ಮಾಡಿದ ಮಾಡ್ ಬಯೋಸ್ ಸಿಕ್ಕಿತು, ಎಲ್ಲ ಮೆನು ತೆರೆದಿರುವಂಥದ್ದು. ಫ್ಲ್ಯಾಶ್ ಚೆನ್ನಾಗಿಯೇ ಆಯಿತು. ನೂರಾರು ಆಪ್ಷನ್ ಕಾಣಿಸಿತು. ಖುಷಿಯಲ್ಲಿ ಒಂದೊಂದೇ ನೋಡುತ್ತಾ ಹೋದೆ. ಗ್ರಾಫಿಕ್ಸ್ ವಿಭಾಗದಲ್ಲಿ ಇಂಟರ್ನಲ್ ಗ್ರಾಫಿಕ್ಸ್ ಅಂತ ಇತ್ತು. ಹೇಗೂ ದೊಡ್ಡ ಕಾರ್ಡ್ ಇದೆಯಲ್ಲ, ಇದು ಯಾಕೆ ಅಂತ ಡಿಸೇಬಲ್ ಮಾಡಿ ಸೇವ್ ಮಾಡಿದೆ. ಅಷ್ಟೇ. ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ದೀಪ ಹತ್ತುತ್ತದೆ, ಚಿತ್ರ ಇಲ್ಲ. ಹೊರಗಿನ ಮಾನಿಟರ್‌ನಲ್ಲೂ ಇಲ್ಲ. ಆ ಲ್ಯಾಪ್‌ಟಾಪ್‌ನಲ್ಲಿ ಪರದೆಯ ತಂತಿ ಹೋಗುವುದೇ ಇಂಟರ್ನಲ್ ಗ್ರಾಫಿಕ್ಸ್ ಮೂಲಕ ಅಂತ ಆಮೇಲೆ ಗೊತ್ತಾಯಿತು. ಆವತ್ತಿನಿಂದ ಅದು ಬೀರುವಿನಲ್ಲಿದೆ. ಅದರಲ್ಲಿ ನಾನು ಓದಿದ್ದೆ, ಕೆಲಸ ಕಲಿತಿದ್ದೆ. ಎಸೆಯಲು ಮನಸ್ಸು ಬಂದಿಲ್ಲ.

ಹೊಸಗಾರ22
ಸಿಮಾಸ್ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟರೆ ಎಲ್ಲ ಸೆಟ್ಟಿಂಗ್ ವಾಪಸ್ ಬರುತ್ತದಲ್ವಾ?

ನೀಲಿಪರದೆ
ಹತ್ತು ನಿಮಿಷ ಅಲ್ಲ, ಒಂದು ರಾತ್ರಿ ಪೂರ್ತಿ ಬಿಟ್ಟೆ. ಗಡಿಯಾರ ಮಾತ್ರ ರೀಸೆಟ್ ಆಗಿರಬೇಕು.

ಎಂಟುಕಾಲು
ಹೌದು, ಇದನ್ನು ಎಲ್ಲರೂ ತಿಳಿದಿರಬೇಕು. ಹಳೆ ಬಯೋಸ್‌ಗಳಲ್ಲಿ ಸೆಟ್ಟಿಂಗ್‌ಗಳು ಬ್ಯಾಟರಿಯಿಂದ ಜೀವ ಹಿಡಿದಿರುವ ಸಿಮಾಸ್ ಮೆಮೊರಿಯಲ್ಲಿ ಇರುತ್ತಿದ್ದವು. ಯುಇಎಫ್‌ಐ ಅನ್ನುವ ಹೊಸ ಥರದ ಬಯೋಸ್ ಬಂದ ಮೇಲೆ ಹೆಚ್ಚಿನವು ಬಯೋಸ್ ಚಿಪ್‌ನೊಳಗೇ ಎನ್‌ವಿರ್‍ಯಾಮ್ ಅನ್ನುವ ಜಾಗದಲ್ಲಿ ಕೂತಿವೆ. ಅದು ಫ್ಲ್ಯಾಶ್ ಮೆಮೊರಿ. ಬ್ಯಾಟರಿ ತೆಗೆದರೂ ಹೋಗುವುದಿಲ್ಲ. ಕೆಲವು ತಯಾರಕರು ಬ್ಯಾಟರಿ ಹೋದದ್ದನ್ನು ಗಮನಿಸಿ ಡಿಫಾಲ್ಟ್‌ಗೆ ತರುವ ವ್ಯವಸ್ಥೆ ಇಟ್ಟಿರುತ್ತಾರೆ, ಎಲ್ಲರೂ ಇಟ್ಟಿರುವುದಿಲ್ಲ.

ಅದಕ್ಕೇ ನಾನು ಯಾರಿಗೇ ಆದರೂ ಮೊದಲು ಹೇಳುವುದು: ಪ್ರೋಗ್ರಾಮರ್ (ಬಯೋಸ್ ಚಿಪ್ ನೇರವಾಗಿ ಓದಿ ಬರೆಯುವ ಸಾಧನ) ಕೈಯಲ್ಲಿ ಇಲ್ಲದೆ, ನಿಮ್ಮದೇ ಚಿಪ್‌ನ ಪೂರ್ತಿ ಡಂಪ್ (ನಕಲು) ಬೇರೆ ಕಡೆ ಇಟ್ಟುಕೊಳ್ಳದೆ, ಬಯೋಸ್‌ನ ಒಂದು ಬೈಟ್ ಕೂಡ ಮುಟ್ಟಬೇಡಿ. ಮೂರನೇತಿರುಪು ಅವರೇ, ನಿಮಗೂ ಇದೇ ಮಾತು. ಸಿಎಚ್341ಎ ಪ್ರೋಗ್ರಾಮರ್ ಮತ್ತು 8 ಕಾಲಿನ ಚಿಪ್ ಹಿಡಿಯುವ ಕ್ಲಿಪ್ ತರಿಸಿ. ಅದು ಬರುವ ತನಕ ಸುಮ್ನೆ ಇರಿ.

ವೋಲ್ಟ್‌ಮೀಟರ್
ಸಿಎಚ್341ಎ ಅಂದರೆ ನನಗೆ ಭಯ. ಆ ಕಪ್ಪು ಬೋರ್ಡ್ ಚಿಪ್‌ಗೆ 3.3 ವೋಲ್ಟ್ ಕರೆಂಟ್ ಕೊಟ್ಟರೂ ಡೇಟಾ ಗೆರೆಗಳ ಮೇಲೆ 5 ವೋಲ್ಟ್ ಹಾಕುತ್ತದೆ. ನಾನೇ ಅಳೆದಿದ್ದೇನೆ.

ಎಂಟುಕಾಲು
ನಾನು ಅದರಲ್ಲೇ ನಲವತ್ತಕ್ಕೂ ಹೆಚ್ಚು ಚಿಪ್ ಓದಿ ಬರೆದಿದ್ದೇನೆ. ಒಂದೂ ಸತ್ತಿಲ್ಲ.

ವೋಲ್ಟ್‌ಮೀಟರ್
ಸತ್ತಿಲ್ಲ ಅಂದರೆ ಸರಿ ಅಂತ ಅಲ್ಲ. ಬೋರ್ಡ್‌ನಲ್ಲೇ ಇರುವ ಚಿಪ್‌ಗೆ ಕ್ಲಿಪ್ ಹಾಕಿದಾಗ ಆ ಗೆರೆಗಳು ಚಿಪ್‌ಸೆಟ್‌ವರೆಗೂ ಹೋಗುತ್ತವೆ. 5 ವೋಲ್ಟ್ ಅಲ್ಲಿಗೂ ತಲುಪುತ್ತದೆ. ಬೋರ್ಡ್‌ನ ಮೇಲೆ ಒಂದು ತಂತಿ ಬದಲಿಸಿ ಸಿಎಚ್341ಎ ಚಿಪ್‌ಗೇ 3.3 ಕೊಟ್ಟರೆ ಎಲ್ಲ ಸರಿಯಾಗುತ್ತದೆ. ಇಲ್ಲವೇ ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಹೊಸ ಬೋರ್ಡ್ ತಗೊಳ್ಳಿ.

ಇನ್ನೊಂದು, ಚಿಪ್ ಮೇಲಿನ ಅಕ್ಷರ ಭೂತಗನ್ನಡಿಯಲ್ಲಿ ಓದಿ. ವಿನ್‌ಬಾಂಡ್ 25ಕ್ಯೂ64ಎಫ್‌ವಿ ಅಂತ ಇದ್ದರೆ 3.3 ವೋಲ್ಟ್. ಕೊನೆಗೆ ಎಫ್‌ಡಬ್ಲ್ಯೂ ಅಂತ ಇದ್ದರೆ 1.8 ವೋಲ್ಟ್, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಒಂದೇ ಅಕ್ಷರದ ವ್ಯತ್ಯಾಸ.

ಎಂಟುಕಾಲು
ಎರಡನೇ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮೊದಲನೆಯದೂ ಹೊಸಬರಿಗೆ ಸರಿಯಾದ ಸಲಹೆಯೇ. ಒಂದೇ ಲ್ಯಾಪ್‌ಟಾಪ್ ಇರುವವರು ಆ ಅಪಾಯ ತಗೊಳ್ಳಬಾರದು.

ಹೊಸಗಾರ22
ನನ್ನದು 4710ಎಚ್‌ಕ್ಯೂ. ನಾನೂ 4930ಎಂಎಕ್ಸ್ ಹಾಕಬಹುದಾ?

ಬಿಸಿಗಾಳಿ
ಆಗಲ್ಲ. ಎಚ್‌ಕ್ಯೂ ಅಂದರೆ ಬಿಜಿಎ. 1364 ಬೆಸುಗೆ ಉಂಡೆಗಳ ಮೇಲೆ ಬೋರ್ಡ್‌ಗೆ ಅಂಟಿಕೊಂಡಿದೆ. ಹ್ಯಾಸ್‌ವೆಲ್‌ನಲ್ಲಿ ಎಂ, ಎಂಕ್ಯೂ, ಎಂಎಕ್ಸ್ ಇದ್ದರೆ ಮಾತ್ರ ಸಾಕೆಟ್. ಅದಕ್ಕೂ ಹಿಂದಿನ ಎರಡು ತಲೆಮಾರಿನಲ್ಲಿ ಕ್ಯೂಎಂ, ಎಕ್ಸ್ಎಂ. ಅವುಗಳ ಸಾಕೆಟ್ ಬೇರೆ, ಜಿ2. ಹ್ಯಾಸ್‌ವೆಲ್‌ದು ಜಿ3. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹ್ಯಾಸ್‌ವೆಲ್ ಆದ ಮೇಲೆ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಸಾಕೆಟ್ ಕೊಡುವುದನ್ನೇ ನಿಲ್ಲಿಸಿತು. ಡೆಸ್ಕ್‌ಟಾಪ್ ಚಿಪ್ ಹಾಕಿದ ದಪ್ಪ ಲ್ಯಾಪ್‌ಟಾಪ್‌ಗಳು ಮಾತ್ರ ಉಳಿದವು, ಕ್ಲೆವೊ ಪಿ870 ಥರದವು. 2019ರ ಏಲಿಯನ್‌ವೇರ್ ಏರಿಯಾ-51ಎಂ ಕೂಡ ಹಾಗೆ.

ಚಿಪ್ ಬದಲಿಸಿಕೊಳ್ಳುವ ಸ್ವಾತಂತ್ರ್ಯ ಕಿತ್ತುಕೊಂಡದ್ದು ನನಗೆ ಇವತ್ತಿಗೂ ನೋವು.

ಫ್ರೇಮ್‌ಎಣಿಸುವವ
ಆದರೆ ಬಿಜಿಎ ಆದ್ದರಿಂದಲೇ ಲ್ಯಾಪ್‌ಟಾಪ್ ತೆಳ್ಳಗಾದದ್ದು. ಎಲ್ಲರೂ ಚಿಪ್ ಬದಲಿಸುವವರಲ್ಲ.

ಬಿಸಿಗಾಳಿ
ತೆಳ್ಳಗಾಗಿ ಏನು ಬಂತು? ಬಿಸಿ ಹೋಗಲು ಜಾಗ ಇಲ್ಲ. ನಾಲ್ಕು ವರ್ಷಕ್ಕೆ ಹೊಸದು ಕೊಳ್ಳಬೇಕು. ಮೂರನೇತಿರುಪು ಅವರ ಯಂತ್ರ ಇಷ್ಟು ವರ್ಷ ಆದ ಮೇಲೂ ಮೇಲಕ್ಕೆ ಹೋಗುತ್ತಿದೆ, ನೋಡಿ.

ಮೂರನೇತಿರುಪು
ಪ್ರೋಗ್ರಾಮರ್ ಬಂತು, ಸ್ವಿಚ್ ಇರುವುದೇ ತರಿಸಿದೆ. ಚಿಪ್ 25ಕ್ಯೂ64ಎಫ್‌ವಿ, 8 ಮೆಗಾಬೈಟ್. ಬ್ಯಾಟರಿ, ಅಡಾಪ್ಟರ್, ಸಿಮಾಸ್ ಬ್ಯಾಟರಿ ಮೂರೂ ತೆಗೆದು ಓದಿದೆ. ಮೊದಲ ಸಲ ಫೈಲ್ ಪೂರ್ತಿ ಎಫ್‌ಎಫ್, ಅಂದರೆ ಖಾಲಿ, ಬಂತು. ಗಾಬರಿ ಆಯಿತು.

ಎಂಟುಕಾಲು
ಗಾಬರಿ ಬೇಡ. ಪೂರ್ತಿ ಎಫ್‌ಎಫ್ ಅಂದರೆ ಸಾಮಾನ್ಯವಾಗಿ ಕ್ಲಿಪ್ ಸರಿಯಾಗಿ ಹಿಡಿದಿಲ್ಲ ಅಂತ. ಚಿಪ್ ಮೇಲಿನ ಚುಕ್ಕಿ ಒಂದನೇ ಕಾಲು, ಕ್ಲಿಪ್‌ನ ಕೆಂಪು ತಂತಿ ಆ ಕಡೆಗೇ ಬರಬೇಕು. ಕಾಲುಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ. ಮೂರು ಸಲ ಓದಿ, ಮೂರು ಫೈಲ್‌ಗಳ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಒಂದೇ ಇದೆಯಾ ನೋಡಿ. ಒಂದೇ ಇದ್ದರೆ ಮಾತ್ರ ಅದು ಡಂಪ್. ಇಲ್ಲದಿದ್ದರೆ ಕಸ.

ಮೂರನೇತಿರುಪು
ಒರೆಸಿದ ಮೇಲೆ ಮೂರೂ ಒಂದೇ ಬಂತು! ಎರಡು ಪೆನ್‌ಡ್ರೈವ್‌ನಲ್ಲಿ ಇಟ್ಟೆ. ಇನ್ನು ಪೂರ್ತಿ ಮಾಡ್ ಬಯೋಸ್ ಹಾಕಲಾ? ನನ್ನ ಮಾಡೆಲ್‌ಗೆ ಒಬ್ಬರು ಹಂಚಿಕೊಂಡದ್ದು ಇದೆ.

ರಾತ್ರಿಪಾಳಿ
ಹಾಕಿ. ಎಲ್ಲ ಮೆನು ಸಿಗುತ್ತದೆ. ನಾನು ಅದೇ ಥರ ಮಾಡಿ ವರ್ಷವಾಯಿತು, ಚೆನ್ನಾಗಿದೆ.

ಎಂಟುಕಾಲು
ರಾತ್ರಿಪಾಳಿ ಅವರೇ, ಇಲ್ಲಿ ನಾನು ಒಪ್ಪಲ್ಲ. ಆ ಫೈಲ್ ಇನ್ನೊಬ್ಬರ ಚಿಪ್‌ನ ಪೂರ್ತಿ ಡಂಪ್ ಆಗಿದ್ದರೆ? ಅದರಲ್ಲಿ ಅವರ ಸೀರಿಯಲ್ ನಂಬರ್ ಇರುತ್ತದೆ, ಅವರ ಲ್ಯಾನ್ ವಿಳಾಸ ಇರಬಹುದು, ವಿಂಡೋಸ್ ಕೀ ಇರುತ್ತದೆ. ಎಂಇ (ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್) ಭಾಗ ಅವರ ಬೋರ್ಡ್‌ಗೆ ಹೊಂದಿಕೊಂಡಿರುತ್ತದೆ. ನಿಮ್ಮದೆಲ್ಲ ಅಳಿಸಿಹೋಗುತ್ತದೆ.

ಇವರಿಗೆ ಬೇಕಾಗಿರುವುದು ಎರಡೇ ಎರಡು ಬದಲಾವಣೆ. ಓವರ್‌ಕ್ಲಾಕ್ ಲಾಕ್ ತೆಗೆಯುವುದು, ಪವರ್ ಲಿಮಿಟ್ ಲಾಕ್ ತೆಗೆಯುವುದು. ಅದಕ್ಕೆ ಬಯೋಸ್ ಕೋಡ್ ಮುಟ್ಟಬೇಕಾಗಿಲ್ಲ. ಯುಇಎಫ್‌ಐಟೂಲ್ ತಂತ್ರಾಂಶದಲ್ಲಿ ಡಂಪ್ ತೆರೆದು ಸೆಟಪ್ ಮಾಡ್ಯೂಲ್ ಹೊರಗೆ ತೆಗೆಯಿರಿ. ಐಎಫ್‌ಆರ್ ಎಕ್ಸ್‌ಟ್ರಾಕ್ಟರ್‌ಗೆ ಕೊಟ್ಟರೆ, ಮುಚ್ಚಿಟ್ಟಿರುವ ಪ್ರತಿ ಆಪ್ಷನ್‌ನ ಹೆಸರು ಮತ್ತು ಅದು ಯಾವ ಆಫ್‌ಸೆಟ್‌ನಲ್ಲಿದೆ (ಎಷ್ಟನೇ ಬೈಟ್) ಅನ್ನುವುದು ಪಠ್ಯವಾಗಿ ಬರುತ್ತದೆ. ಆಮೇಲೆ ಪೆನ್‌ಡ್ರೈವ್‌ನಿಂದ ಮಾರ್ಪಡಿಸಿದ ಗ್ರಬ್ (ಬೂಟ್‌ಲೋಡರ್) ಬೂಟ್ ಮಾಡಿ, ಸೆಟಪ್‌ವಾರ್ ಆಜ್ಞೆಯಿಂದ ಆ ಎರಡು ಬೈಟ್ ಬದಲಿಸಿ. ಮೊದಲು ಹೊಸ ಮೌಲ್ಯ ಕೊಡದೆ ಬರೀ ಓದಿ ನೋಡಿ. ಐಎಫ್‌ಆರ್‌ನಲ್ಲಿ ಡಿಫಾಲ್ಟ್ 1 ಅಂತ ಇದ್ದು ಇಲ್ಲೂ 1 ಕಂಡರೆ ಸರಿಯಾದ ಜಾಗ ಅಂತ ಸ್ವಲ್ಪ ನಂಬಿಕೆ ಬರುತ್ತದೆ.

ಮುಖ್ಯ ಮಾತು: ಆಫ್‌ಸೆಟ್ ನಿಮ್ಮ ಡಂಪ್‌ನಿಂದಲೇ ತೆಗೆಯಬೇಕು. ಅದೇ ಮಾಡೆಲ್ ಆದರೂ ಬಯೋಸ್ ಆವೃತ್ತಿ ಬದಲಾದರೆ ಆಫ್‌ಸೆಟ್ ಬದಲಾಗಬಹುದು.

ರಾತ್ರಿಪಾಳಿ
ನಾನು ಹಾಕಿದ ಫೈಲ್‌ನಲ್ಲಿ ಬಯೋಸ್ ಭಾಗ ಮಾತ್ರ ಇತ್ತು, ಅದಕ್ಕೆ ತೊಂದರೆ ಆಗಿರಲಿಕ್ಕಿಲ್ಲ. ಆದರೂ ನೀವು ಹೇಳಿದ್ದು ಸರಿ. ಎಲ್ಲ ಫೈಲೂ ಹಾಗಿರಲ್ಲ.

ತಲೆಮಾರು6
ನನ್ನದು ಆರನೇ ತಲೆಮಾರಿನ ಚಿಪ್. ಬಯೋಸ್ ಅಪ್‌ಡೇಟ್ ಆದ ಮೇಲೆ ಅಂಡರ್‌ವೋಲ್ಟ್ ಮಾಡಲು (ಸಿಪಿಯು ವೋಲ್ಟೇಜ್ ಇಳಿಸಲು) ಆಗುತ್ತಿಲ್ಲ. ಎಲ್ಲ ಲ್ಯಾಪ್‌ಟಾಪ್‌ಗೂ ಹೀಗೇನಾ? ಮೂರನೇತಿರುಪು ಅವರಿಗೂ ಆಗಲ್ಲ ಅನಿಸುತ್ತದೆ.

ವೋಲ್ಟ್‌ಮೀಟರ್
ಇಲ್ಲ, ಅವರಿಗೆ ಆಗುತ್ತದೆ. ನಿಮ್ಮದು ಪ್ಲಂಡರ್‌ವೋಲ್ಟ್ ಕಥೆ. 2019ರ ಡಿಸೆಂಬರ್‌ನಲ್ಲಿ ಹೊರಬಂದ ದೋಷ, ಸಿವಿಇ-2019-11157. ವೋಲ್ಟೇಜ್ ಇಳಿಸಿ ಎಸ್‌ಜಿಎಕ್ಸ್ (ಸಿಪಿಯುನ ಸುರಕ್ಷಿತ ಕೋಣೆ) ಒಳಗಿನ ಲೆಕ್ಕ ತಪ್ಪಿಸಿ ಗುಟ್ಟು ಕದಿಯಬಹುದು ಅಂತ ಸಂಶೋಧಕರು ತೋರಿಸಿದರು. ಅದಕ್ಕೆ ಬಯೋಸ್ ಅಪ್‌ಡೇಟ್‌ಗಳಲ್ಲಿ ವೋಲ್ಟೇಜ್ ಬದಲಿಸುವ ದಾರಿಗೇ ಬೀಗ ಹಾಕಿದರು. ಎಸ್‌ಜಿಎಕ್ಸ್ ಬಂದದ್ದು ಸ್ಕೈಲೇಕ್‌ನಿಂದ, ಅಂದರೆ ನಿಮ್ಮ ಆರನೇ ತಲೆಮಾರಿನಿಂದ. ಹ್ಯಾಸ್‌ವೆಲ್‌ನಲ್ಲಿ ಅದು ಇಲ್ಲವೇ ಇಲ್ಲ.

ತಲೆಮಾರು6
ಹಾಗಾದರೆ ನಾನೂ ಕ್ಲಿಪ್ ಹಾಕಿ ಹಳೆ ಬಯೋಸ್ ಬರೆಯಲಾ?

ಎಂಟುಕಾಲು
ನಿಮ್ಮ ಯಂತ್ರಕ್ಕೆ ಬೂಟ್ ಗಾರ್ಡ್ (ಬೂಟ್ ಆಗುವಾಗ ಬಯೋಸ್‌ನ ಸಹಿ ಪರೀಕ್ಷಿಸುವ ವ್ಯವಸ್ಥೆ) ಇದೆಯಾ ಅಂತ ಮೊದಲು ನೋಡಿ. ಇದ್ದರೆ, ತಯಾರಕರ ಕೀ ಹ್ಯಾಶ್ ಚಿಪ್‌ಸೆಟ್‌ನ ಫ್ಯೂಸ್‌ನಲ್ಲಿ ಸುಟ್ಟಿರುತ್ತದೆ. ಅದನ್ನು ಬದಲಿಸುವ ಮಾತೇ ಇಲ್ಲ. ತಯಾರಕರದೇ ಸಹಿ ಇರುವ ಹಳೆ ಆವೃತ್ತಿ ಸಾಮಾನ್ಯವಾಗಿ ಓಡುತ್ತದೆ. ಆದರೆ ಸಹಿಯ ವ್ಯಾಪ್ತಿಯಲ್ಲಿರುವ ಕೋಡ್ ಬದಲಿಸಿದರೆ, ಪ್ರೋಗ್ರಾಮರ್‌ನಿಂದ ಬರೆದರೂ ಬೂಟ್ ಆಗುವುದಿಲ್ಲ. ಹ್ಯಾಸ್‌ವೆಲ್‌ನಲ್ಲೇ ಇದು ಶುರುವಾಯಿತು, ಆದರೆ ಆಗ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಜಾರಿಯಲ್ಲಿರಲಿಲ್ಲ.

ಮೂರನೇತಿರುಪು
ಆಯಿತು!!! ಬೆಳಗಿನ ಜಾವ ಎರಡು ಗಂಟೆ ಆಗಿತ್ತು, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ.

ಒಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಅದೇ ಮಾಡೆಲ್ ಇರುವ ಒಬ್ಬರು ಹಿಂದೆ ಆಫ್‌ಸೆಟ್ ಬರೆದಿಟ್ಟಿದ್ದರು. ನನ್ನ ಡಂಪ್‌ನಲ್ಲಿ ನೋಡಿದರೆ ಅದೇ ಜಾಗದಲ್ಲಿ ಮೆಮೊರಿಗೆ ಸಂಬಂಧಪಟ್ಟ ಇನ್ನೊಂದು ಆಪ್ಷನ್ ಇತ್ತು. ಎಂಟುಕಾಲು ಅವರ ಮಾತು ಕೇಳದಿದ್ದರೆ ನಾನು ಸೀದಾ ಅದನ್ನೇ ಬರೆಯುತ್ತಿದ್ದೆ.

ಈಗ ಎಕ್ಸ್‌ಟಿಯು ಸ್ಲೈಡರ್ ಜೀವಂತ. ಪಿಎಲ್1 ಬೀಗ ಇಲ್ಲ. 57 ವ್ಯಾಟ್ ಕೊಟ್ಟು ವೋಲ್ಟೇಜ್ 60 ಮಿಲಿವೋಲ್ಟ್ ಇಳಿಸಿದೆ, ನಾಲ್ಕೂ ಕೋರ್ 3.7ರಲ್ಲಿ ನಿಂತಿವೆ. ಸಿನಿಬೆಂಚ್ ಆರ್15 ವೇಗ ಪರೀಕ್ಷೆಯಲ್ಲಿ ಹಳೆ ಚಿಪ್ 622 ಕೊಡುತ್ತಿತ್ತು, ಈಗ 718. ಆಮೇಲೆ 4.2 ಮಾಡಿ 90 ವ್ಯಾಟ್ ಕೊಟ್ಟೆ. 99 ಡಿಗ್ರಿ ಹೋಯಿತು. ಗೇಮ್ ಶುರು ಮಾಡಿ ಐದು ನಿಮಿಷಕ್ಕೆ ಲ್ಯಾಪ್‌ಟಾಪ್ ತಟ್ಟನೆ ಆಫ್. ಬಿಸಿಯಿಂದಲಾ?

ಬಿಸಿಗಾಳಿ
ಬಿಸಿಗೆ ಮೊದಲು ವೇಗ ಇಳಿಯುತ್ತದೆ, ಹೀಗೆ ಒಂದೇ ಏಟಿಗೆ ಆಫ್ ಆಗುವುದು ಕಡಿಮೆ. ನಿಮ್ಮ ಅಡಾಪ್ಟರ್ ಎಷ್ಟು ವ್ಯಾಟ್?

ಮೂರನೇತಿರುಪು
180.

ಬಿಸಿಗಾಳಿ
ಲೆಕ್ಕ ಹಾಕಿ. ಸಿಪಿಯು 90, ಜಿಪಿಯು ಸುಮಾರು 100, ಪರದೆ, ಫ್ಯಾನ್, ಡಿಸ್ಕ್ ಎಲ್ಲ ಸೇರಿ ಇನ್ನೊಂದು 20–30. ಇನ್ನೂರು ದಾಟಿತು. ಅಡಾಪ್ಟರ್ ತನ್ನನ್ನು ಕಾಪಾಡಿಕೊಳ್ಳಲು ಕರೆಂಟ್ ಕಡಿದಿದೆ. ಬ್ಯಾಟರಿ ಚೆನ್ನಾಗಿದ್ದರೆ ಅದು ಕೈ ಹಿಡಿಯಬಹುದಿತ್ತು. ನಿಮ್ಮದು ಹಳೆಯದಾಗಿರಬೇಕು.

240 ವ್ಯಾಟ್ ಅಡಾಪ್ಟರ್ ಹಾಕಬಹುದು, ಆದರೆ ಅದೇ ತಯಾರಕರದ್ದೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ಅಡಾಪ್ಟರ್ ಗುರುತು ಕೇಳುತ್ತವೆ. ಗುರುತು ಸಿಗದಿದ್ದರೆ ಸಿಪಿಯುವನ್ನು ಅತೀ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತವೆ. ಅದೂ ಅಲ್ಲದೆ ಬೋರ್ಡ್‌ನ ವೋಲ್ಟೇಜ್ ಭಾಗ 47 ವ್ಯಾಟ್ ಚಿಪ್‌ಗಾಗಿ ಮಾಡಿದ್ದಿರಬಹುದು. 90 ವ್ಯಾಟ್ ಅನ್ನು ದಿನಾ ಎಳೆಯಬೇಡಿ.

ರಾತ್ರಿಪಾಳಿ
ಲಿಕ್ವಿಡ್ ಮೆಟಲ್ ಹಾಕಿದರೆ ಹತ್ತು ಡಿಗ್ರಿ ಇಳಿಯಬಹುದು. ಈ ಚಿಪ್‌ಗಳಿಗೆ ಮೇಲೆ ಲೋಹದ ಮುಚ್ಚಳ ಇಲ್ಲ, ಡೈ ನೇರವಾಗಿ ಹೀಟ್‌ಸಿಂಕ್ ಮುಟ್ಟುತ್ತದೆ. ಒಳ್ಳೆ ಫಲ ಸಿಗುತ್ತದೆ.

ವೋಲ್ಟ್‌ಮೀಟರ್
ಹೀಟ್‌ಸಿಂಕ್ ತಳ ತಾಮ್ರವೇ ಅಂತ ಖಚಿತ ಮಾಡಿಕೊಳ್ಳಿ. ಅಲ್ಯೂಮಿನಿಯಂ ಆದರೆ ಲಿಕ್ವಿಡ್ ಮೆಟಲ್‌ನಲ್ಲಿರುವ ಗ್ಯಾಲಿಯಂ ಅದನ್ನು ತಿಂದುಹಾಕುತ್ತದೆ. ಅದು ವಿದ್ಯುತ್ ಹರಿಸುವ ವಸ್ತು, ಒಂದು ಹನಿ ಪಕ್ಕಕ್ಕೆ ಜಾರಿದರೆ ಶಾರ್ಟ್. ಡೈ ಸುತ್ತ ಸಣ್ಣ ಕೆಪಾಸಿಟರ್ ಏನಾದರೂ ಇದ್ದರೆ ಅದರ ಮೇಲೆ ಉಗುರುಬಣ್ಣ ಬಳಿದು ಒಣಗಲು ಬಿಡಿ. ಹೊತ್ತು ಓಡಾಡುವ ಲ್ಯಾಪ್‌ಟಾಪ್‌ಗೆ ನಾನಂತೂ ಹಾಕಲ್ಲ.

ಹೊಸಗಾರ22
ಮಲ್ಟಿಪ್ಲೈಯರ್ ಬದಲು ಬೇಸ್ ಕ್ಲಾಕ್ ಏರಿಸಿದರೆ ಲಾಕ್ ಆದ ಚಿಪ್ ಕೂಡ ಓವರ್‌ಕ್ಲಾಕ್ ಆಗುತ್ತದಲ್ವಾ?

ವೋಲ್ಟ್‌ಮೀಟರ್
ಹ್ಯಾಸ್‌ವೆಲ್ ಲ್ಯಾಪ್‌ಟಾಪ್‌ನಲ್ಲಿ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಪಿಸಿಐ ಎಕ್ಸ್‌ಪ್ರೆಸ್ ಕೂಡ ಅದಕ್ಕೇ ಕಟ್ಟಿಕೊಂಡಿದೆ. ಸ್ವಲ್ಪ ಏರಿಸಿದರೂ ಡಿಸ್ಕ್, ಗ್ರಾಫಿಕ್ಸ್ ಎಲ್ಲ ತಕರಾರು ಮಾಡುತ್ತವೆ. ಬೇಡ.

ಮೂರನೇತಿರುಪು
ಕೊನೆಗೆ ಇಲ್ಲಿ ನಿಂತೆ: ನಾಲ್ಕೂ ಕೋರ್ 3.9, ಒಂದೇ ಕೋರ್ ಓಡುವಾಗ 4.1, ಪಿಎಲ್1 65 ವ್ಯಾಟ್. ಪೇಸ್ಟ್ ಹೊಸದು ಹಾಕಿದೆ, ಹೀಟ್‌ಸಿಂಕ್ ತಿರುಪುಗಳನ್ನು ಮೇಲೆ ಬರೆದಿರುವ ನಂಬರ್ ಕ್ರಮದಲ್ಲೇ ಬಿಗಿ ಮಾಡಿದೆ. ಗೇಮ್‌ನಲ್ಲಿ 86–88 ಡಿಗ್ರಿ. ಮೂರು ಗಂಟೆ ಆಡಿದೆ, ಆಫ್ ಆಗಿಲ್ಲ. ಮೊದಲು 24 ಫ್ರೇಮ್ ಬರುತ್ತಿದ್ದ ದೊಡ್ಡ ಊರಿನಲ್ಲಿ ಈಗ 30 ಬರುತ್ತಿದೆ. ಬೇರೆಯವರಿಗೆ ಸಣ್ಣದು ಅನಿಸಬಹುದು, ನನಗೆ ತುಂಬಾ ದೊಡ್ಡದು.

ನೀಲಿಪರದೆ
ಎಂಟುಕಾಲು ಅವರೇ, ನಿಮ್ಮ ಎನ್‌ವಿರ್‍ಯಾಮ್ ಮಾತು ಓದಿದ ದಿನದಿಂದ ನಿದ್ದೆ ಬಂದಿಲ್ಲ. ನಾನು ಬೋರ್ಡೇ ಹೋಯಿತು ಅಂದುಕೊಂಡಿದ್ದೆ. ಬರೀ ಒಂದು ಸೆಟ್ಟಿಂಗ್ ಆ ಚಿಪ್‌ನಲ್ಲಿ ಉಳಿದಿದೆ ಅಂದರೆ ಅದನ್ನು ಅಳಿಸಬಹುದಲ್ವಾ? ನನ್ನ ಹತ್ತಿರ ಹಳೆ ಡಂಪ್ ಇಲ್ಲ.

ಎಂಟುಕಾಲು
ಖಂಡಿತ ಪ್ರಯತ್ನ ಮಾಡಬಹುದು. ಈಗ ಇರುವುದನ್ನೇ ಮೊದಲು ಡಂಪ್ ತೆಗೆಯಿರಿ, ಮೂರು ಸಲ. ತಯಾರಕರ ಬಯೋಸ್ ಅಪ್‌ಡೇಟ್ ಫೈಲ್ ಬಿಚ್ಚಿದರೆ ಅದರಲ್ಲಿ ಖಾಲಿ ಎನ್‌ವಿರ್‍ಯಾಮ್ ಭಾಗ ಇರಬಹುದು. ನಿಮ್ಮ ಡಂಪ್‌ನಲ್ಲಿ ಆ ಒಂದು ಭಾಗ ಮಾತ್ರ ಬದಲಿಸಿ. ಡಿಸ್ಕ್ರಿಪ್ಟರ್ (ಚಿಪ್‌ನ ವಿಭಾಗಗಳ ನಕ್ಷೆ), ಎಂಇ ಮುಟ್ಟಬೇಡಿ. ಬರೆದ ಮೇಲೆ ವೆರಿಫೈ ಮಾಡಿ. ಮೊದಲ ಬೂಟ್‌ನಲ್ಲಿ ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆದರೆ ಹೆದರಬೇಡಿ, ಕಾಯಿರಿ.

ನೀಲಿಪರದೆ
ಪರದೆ ಬಂತು.

ಎರಡು ವರ್ಷದ ಮೇಲೆ ಆ ಲೋಗೋ ನೋಡಿ ಕಣ್ಣು ತುಂಬಿತು. ಮೂರು ಸಲ ರೀಸ್ಟಾರ್ಟ್ ಆಯಿತು, ನೀವು ಹೇಳಿದ ಹಾಗೇ. ನನ್ನ ಹಳೆ ವಿಂಡೋಸ್, ಹಳೆ ವಾಲ್‌ಪೇಪರ್, ಎಲ್ಲ ಹಾಗೇ ಇದೆ. ಒಂದೇ ಕೊರತೆ, ಬಯೋಸ್‌ನಲ್ಲಿ ಸೀರಿಯಲ್ ನಂಬರ್ ಜಾಗ ಖಾಲಿ ತೋರಿಸುತ್ತಿದೆ.

ಎಂಟುಕಾಲು
ತುಂಬಾ ಸಂತೋಷ ಆಯಿತು. ಸೀರಿಯಲ್ ನಂಬರ್ ನೀವು ಮೊದಲು ತೆಗೆದ ಡಂಪ್‌ನ ಹಳೆ ಎನ್‌ವಿರ್‍ಯಾಮ್ ಭಾಗದಲ್ಲೇ ಇರಬೇಕು. ಲ್ಯಾಪ್‌ಟಾಪ್ ತಳದ ಸ್ಟಿಕ್ಕರ್ ನೋಡಿ, ಆ ಅಕ್ಷರಗಳನ್ನು ಹೆಕ್ಸ್ ಎಡಿಟರ್‌ನಲ್ಲಿ ಹುಡುಕಿ. ಸಿಕ್ಕಿದ ಜಾಗ ಇಲ್ಲಿ ಬರೆಯಿರಿ, ಸೀರಿಯಲ್ ಮಾತ್ರ ಹಾಕಬೇಡಿ. ವಾಪಸ್ ಹೇಗೆ ಕೂರಿಸುವುದು ಅಂತ ಒಟ್ಟಿಗೆ ನೋಡೋಣ. ಆ ಫೈಲ್ ಅಳಿಸಬೇಡಿ.